ಉಕ್ರೇನ್‌ಗೆ ಕೊಟ್ಟ ಮಾತು: ಭರವಸೆಯೋ, ಜಾಮೀನೋ?

ತುಂಗಾತೀರ

ಮೊನ್ನೆ ಅಕ್ಕನ ಮಗನ ಗೃಹಪ್ರವೇಶ. ಪಂಕ್ತಿಯಲ್ಲಿ ಹೋಳಿಗೆ ಬರುವ ಹೊತ್ತಿಗೆ ಎದುರು ಸಾಲಿನಲ್ಲಿ ಉಕ್ರೇನ್ ಯುದ್ಧ ಶುರುವಾಗಿತ್ತು. ಒಬ್ಬರು ಪುಟಿನ್ ಕಡೆ, ಒಬ್ಬರು ಝೆಲೆನ್‌ಸ್ಕಿ ಕಡೆ. ನಾನು ಬಾಯಿ ಸುಮ್ಮನಿರಲಾರದೆ "ಅಮೆರಿಕದ ಮಾತು ನಂಬಿ ಕೆಟ್ಟರು ಪಾಪ" ಅಂದೆ. ಒಬ್ಬರು ತಕ್ಷಣ "ಓ, ನೀವು ಪುಟಿನ್ ಪಾರ್ಟಿನಾ" ಅಂದರು. ಇನ್ನೊಬ್ಬರು ಖುಷಿಯಾಗಿ ನನ್ನ ಎಲೆಗೆ ಮತ್ತೊಂದು ಹೋಳಿಗೆ ಹಾಕಿಸಿದರು. ಹೋಳಿಗೆ ತಿಂದೆ, ಪಾರ್ಟಿ ಸೇರಲಿಲ್ಲ.

ಅಲ್ಲಿ ಹೇಳೋಕಾಗದೇ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. 2022ರ ಫೆಬ್ರವರಿ 24ರಂದು ಗಡಿ ದಾಟಿದ್ದು ರಷ್ಯಾ. ಅದರಲ್ಲಿ ನನಗೆ ಗೊಂದಲವಿಲ್ಲ. ನನ್ನ ತಕರಾರು ಬೇರೆ. ಪಶ್ಚಿಮದ ದೇಶಗಳು ಮೂವತ್ತು ವರ್ಷದಲ್ಲಿ ಉಕ್ರೇನ್‌ಗೆ ಏನೇನು ಮಾತು ಕೊಟ್ಟವು, ಎಷ್ಟು ನಡೆಸಿದವು ಅಂತ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಮೊದಲನೆಯದು 1994. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನ್ ನೆಲದಲ್ಲಿ ದೂರ ಹಾರುವ ಕ್ಷಿಪಣಿ, ವಿಮಾನಗಳ ಅಣು ಸಿಡಿತಲೆಗಳೇ ಸುಮಾರು 1900 ಉಳಿದಿದ್ದವು. ಪ್ರಪಂಚದಲ್ಲೇ ಮೂರನೇ ದೊಡ್ಡ ಸಂಗ್ರಹ. ಅದರ ಬೀಗದ ಕೈ ಮಾಸ್ಕೋದಲ್ಲಿತ್ತು ನಿಜ, ಆದರೆ ಸಾಮಾನು ಇವರ ಮನೆಯಲ್ಲಿತ್ತು. ಅದನ್ನೆಲ್ಲ ಬಿಟ್ಟುಕೊಡಿ, ನಿಮ್ಮ ಗಡಿಗೆ ನಾವು ಮರ್ಯಾದೆ ಕೊಡುತ್ತೇವೆ ಅಂತ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ಅಮೆರಿಕ, ಬ್ರಿಟನ್, ರಷ್ಯಾ ಮೂವರೂ ಸಹಿ ಹಾಕಿದರು. ತಮಾಷೆ ಇರೋದು ಪದದಲ್ಲಿ. ಇಂಗ್ಲಿಷ್ ಪ್ರತಿಯಲ್ಲಿ 'ಅಶ್ಯೂರೆನ್ಸ್' ಅಂತ ಇದೆ. ರಷ್ಯನ್ ಮತ್ತು ಉಕ್ರೇನಿಯನ್ ಪ್ರತಿಗಳಲ್ಲಿ ಇರೋದು ಗ್ಯಾರಂಟಿ ಅನ್ನೋ ಪದ. ನಮ್ಮೂರ ಲೆಕ್ಕದಲ್ಲಿ ಹೇಳಬೇಕು ಅಂದರೆ, ಸಾಲಕ್ಕೆ ಜಾಮೀನು ಹಾಕೋದು ಒಂದು, "ಒಳ್ಳೆ ಹುಡುಗ, ತೀರಿಸ್ತಾನೆ" ಅಂತ ಬಾಯಲ್ಲಿ ಹೇಳೋದು ಇನ್ನೊಂದು. ಉಕ್ರೇನ್ ಮೊದಲನೆಯದು ಅಂದುಕೊಂಡಿತು. ಅಮೆರಿಕ ಕೊಟ್ಟದ್ದು ಎರಡನೆಯದು.

2014ರಲ್ಲಿ ಉಕ್ರೇನಿನ ಕ್ರೈಮಿಯಾ ಪ್ರಾಂತ್ಯ ಹೋಯಿತು. ಸಹಿ ಹಾಕಿದ ಮೂವರಲ್ಲಿ ಒಬ್ಬನಾದ ರಷ್ಯಾವೇ ಬಂದು ನುಂಗಿತು. ಉಳಿದಿಬ್ಬರು ಕಳವಳ ವ್ಯಕ್ತಪಡಿಸಿದರು, ಒಂದಷ್ಟು ನಿರ್ಬಂಧ ಹಾಕಿದರು. ಆಗ ಉಕ್ರೇನ್ ಅಧ್ಯಕ್ಷರಾಗಿದ್ದ ಪೊರೊಶೆಂಕೊ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂಸತ್ತಿಗೇ ಹೋಗಿ, ಕಂಬಳಿಯಿಂದ ಯುದ್ಧ ಗೆಲ್ಲೋಕಾಗಲ್ಲ ಅನ್ನೋ ಅರ್ಥದ ಮಾತು ಹೇಳಿದರು. ಎದ್ದು ನಿಂತು ಚಪ್ಪಾಳೆ ಹೊಡೆದರು. ಶಸ್ತ್ರ ಕೊಡಲಿಲ್ಲ.

ಇವೆರಡರ ಮಧ್ಯೆ 2008ರ ಏಪ್ರಿಲ್. ಬುಕಾರೆಸ್ಟ್‌ನಲ್ಲಿ ನ್ಯಾಟೊ, ಅಂದರೆ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟದ ಸಭೆ. ಉಕ್ರೇನ್, ಜಾರ್ಜಿಯಾ ಎರಡನ್ನೂ ಸೇರಿಸಿಕೊಳ್ಳೋ ಕೆಲಸ ಶುರು ಮಾಡೋಣ ಅಂತ ಅಮೆರಿಕದ ಬುಷ್. ಬೇಡ ಅಂತ ಜರ್ಮನಿಯ ಮರ್ಕೆಲ್, ಫ್ರಾನ್ಸ್‌ನ ಸರ್ಕೋಜಿ. ಕೊನೆಗೆ ರಾಜಿಯಾಗಿ ಬರೆದದ್ದೇನು? ಇವೆರಡೂ ಮುಂದೆ ಸದಸ್ಯರಾಗುತ್ತವೆ. ಯಾವಾಗ ಅಂತ ಇಲ್ಲ. ಹೇಗೆ ಅಂತ ಇಲ್ಲ. ಹೆಣ್ಣು ಒಪ್ಪಿಗೆ ಅಂತ ಊರಿಗೆಲ್ಲ ಸಾರಿ, ಮುಹೂರ್ತ ಮಾತ್ರ ಇಡಲೇ ಇಲ್ಲ. ರಷ್ಯಾವನ್ನು ರೇಗಿಸೋಕೆ ಅಷ್ಟು ಸಾಕು, ಉಕ್ರೇನನ್ನು ಕಾಯೋಕೆ ಏನೇನೂ ಸಾಲದು. ನಾಲ್ಕೇ ತಿಂಗಳಿಗೆ ಜಾರ್ಜಿಯಾದಲ್ಲಿ ಯುದ್ಧ ಆಯಿತು.

ಇದನ್ನು ಹೇಳಿದರೆ ಪುಟಿನ್ ಪಾರ್ಟಿ ಹೇಗಾಗುತ್ತದೆ, ಯಾರಾದರೂ ಹೇಳಿ. ಬೈಯುವವರು ಓದಿ ಬೈಯಿರಿ.

ಮೈಸೂರು ಮಿರ್ಚಿ

ಸುಮ್ನೆ ಹೋಳಿಗೆ ಫೋಟೊ ಹಾಕಿದ್ದರೆ ಸಾಕಿತ್ತು ಸಾರ್. ಬೇಳೆ ಹೋಳಿಗೆಯೋ ಕಾಯಿ ಹೋಳಿಗೆಯೋ?

ಹಳೇ ಬೈಂಡು

ನನಗೆ ಅರವತ್ತೆಂಟು ವರ್ಷ. ನಮ್ಮ ಕಾಲದಲ್ಲಿ ಶಾಲೆ ಶುರುವಾದರೆ ಪುಸ್ತಕಕ್ಕೆ ಬೈಂಡು ಹಾಕೋದು ಸೋವಿಯತ್ ಲ್ಯಾಂಡ್ ಪತ್ರಿಕೆಯ ಹಾಳೆಯಲ್ಲಿ. ನುಣುಪು ಹಾಳೆ, ನಾಲ್ಕು ಹನಿ ಮಳೆ ಬಿದ್ದರೂ ನೆನೆಯುತ್ತಿರಲಿಲ್ಲ. ನನ್ನ ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಮೇಲೆ ಕೂತ ಹೆಂಗಸೊಬ್ಬಳು ವರ್ಷವಿಡೀ ನಗುತ್ತಿದ್ದಳು. ನಂತರ ನವಕರ್ನಾಟಕದವರ ಅಂಗಡಿಯಲ್ಲಿ ಎರಡು ಮೂರು ರೂಪಾಯಿಗೆ ದಪ್ಪ ರಟ್ಟಿನ ರಷ್ಯನ್ ಪುಸ್ತಕ. ಅದು ಪ್ರಚಾರ ಅಂತ ಈಗ ಹೇಳುತ್ತೀರಿ. ಇರಬಹುದು. ಆದರೆ 1971ರ ಡಿಸೆಂಬರಿನಲ್ಲಿ ಎಂಟರ್‌ಪ್ರೈಸ್ ಅನ್ನೋ ಅಣುಶಕ್ತಿ ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿದ್ದು ಯಾರು? ನಿಕ್ಸನ್. ಅದೇ ತಿಂಗಳು ಭದ್ರತಾ ಮಂಡಳಿಯಲ್ಲಿ ನಮ್ಮ ಪರವಾಗಿ ಮತ್ತೆ ಮತ್ತೆ ವೀಟೊ ಹಾಕಿದ್ದು ಯಾರು? ಮಾಸ್ಕೋ.

ಅಮೆರಿಕವನ್ನು ನಂಬಿದವರ ಗತಿ ನೋಡಿ. 1975ರಲ್ಲಿ ವಿಯೆಟ್ನಾಮಿನ ಸೈಗಾನ್, 2021ರಲ್ಲಿ ಅಫ್ಘಾನಿಸ್ತಾನದ ಕಾಬೂಲ್. ವಿಮಾನದ ಚಕ್ರ ಹಿಡಿದುಕೊಂಡು ಜನ ಸತ್ತರು.

ಇನ್ನು ಉಕ್ರೇನ್ ವಿಷಯ. ತೊಂಬತ್ತರ ದಶಕದ ಕೊನೆಯಲ್ಲಿ ಪಾಕಿಸ್ತಾನಕ್ಕೆ 320 ಟಿ-80 ಟ್ಯಾಂಕ್ ಮಾರಿದವರು ಇವರೇ. ಖಾರ್ಕಿವ್ ಕಾರ್ಖಾನೆಯ ಮಾಲು. ಅದನ್ನು ನಾವು ಮರೆಯಬೇಕಾ?

ಮೂರನೇ ಬೆಂಚು

ಹಳೇ ಬೈಂಡು ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. 1971ರಲ್ಲಿ ವೀಟೊ ಹಾಕಿದ್ದು ರಷ್ಯಾ ಅಲ್ಲ, ಸೋವಿಯತ್ ಒಕ್ಕೂಟ. ಅದರಲ್ಲಿ ಉಕ್ರೇನ್ ಕೂಡ ಇತ್ತು. ಆಗ ಅಲ್ಲಿ ಗದ್ದುಗೆಯಲ್ಲಿದ್ದ ಬ್ರೆಝ್ನೆವ್ ಹುಟ್ಟಿದ್ದೇ ಈಗಿನ ಉಕ್ರೇನಿನ ಕಾಮ್ಯಾನ್‌ಸ್ಕೆ ಅನ್ನೋ ಊರಲ್ಲಿ. ನಮ್ಮ ವಾಯುಪಡೆ ನಲವತ್ತು ವರ್ಷದಿಂದ ಲಡಾಖಿಗೆ ಅಕ್ಕಿ, ಸೀಮೆಎಣ್ಣೆ ಹೊರುತ್ತಿರೋ ಎಎನ್-32 ವಿಮಾನ ತಯಾರಾಗಿದ್ದು ಉಕ್ರೇನಿನ ರಾಜಧಾನಿ ಕೀವ್‌ನಲ್ಲಿ. ಆಸ್ತಿ ಪಾಲಾದ ಮೇಲೆ ಅಜ್ಜ ಮಾಡಿದ ಉಪಕಾರವೆಲ್ಲ ದೊಡ್ಡ ಮಗನ ಖಾತೆಗೇ ಬರೆಯೋದು ನ್ಯಾಯವಾ?

ಇದಕ್ಕಿಂತ ಮಜಾ ಕೇಳಿ. ಐಎನ್‌ಎಸ್ ತುಶಿಲ್ ಅಂತ ನೌಕಾಪಡೆಯ ಹಡಗು 2024ರ ಡಿಸೆಂಬರಿನಲ್ಲಿ ಸೇವೆಗೆ ಬಂತು. ಕಟ್ಟಿದ್ದು ರಷ್ಯಾ. ಒಳಗಿನ ಎಂಜಿನ್ ಉಕ್ರೇನಿನ ಮಿಕೊಲಾಯಿವ್ ಕಾರ್ಖಾನೆಯದು. 2014ರ ಮೇಲೆ ಉಕ್ರೇನ್ ಆ ಎಂಜಿನ್ನನ್ನು ರಷ್ಯಾಕ್ಕೆ ಮಾರೋದು ನಿಲ್ಲಿಸಿತು. ಹಾಗಾಗಿ ನಾವು ಅವರಿಂದ ಕೊಂಡು ಇವರ ಕೈಗೆ ಕೊಟ್ಟು ಕೂರಿಸಿಕೊಂಡೆವು.

ಈಗ ತುಂಗಾತೀರ ಅವರಿಗೆ. ನೀವು ನ್ಯಾಟೊ ರೇಗಿಸಿತು ಅನ್ನುತ್ತೀರಿ. ಪೋಲೆಂಡನ್ನು, ಎಸ್ಟೋನಿಯಾವನ್ನು, ಲಾಟ್ವಿಯಾವನ್ನು ನ್ಯಾಟೊ ಬಂದು ಕೈ ಹಿಡಿದು ಎಳೆದುಕೊಂಡು ಹೋಯಿತಾ? ಅವರೇ ಓಡಿ ಹೋಗಿ ಬಾಗಿಲು ಬಡಿದರು. ಯಾಕೆ? 1939ರಲ್ಲಿ ಪೋಲೆಂಡನ್ನು ಹಿಟ್ಲರ್, ಸ್ಟಾಲಿನ್ ಇಬ್ಬರೂ ಸೇರಿ ಹಂಚಿಕೊಂಡರು. 1940ರಲ್ಲಿ ಬಾಲ್ಟಿಕ್ ದೇಶಗಳನ್ನು ಸ್ಟಾಲಿನ್ ನುಂಗಿದ. ಹಂಗೆರಿಗೆ 1956ರಲ್ಲಿ, ಪ್ರಾಗ್‌ಗೆ 1968ರಲ್ಲಿ ಮಾಸ್ಕೋ ಟ್ಯಾಂಕು ನುಗ್ಗಿಸಿತು. ಹಾವು ಕಚ್ಚಿಸಿಕೊಂಡವನು ಹಗ್ಗಕ್ಕೂ ಹೆದರುತ್ತಾನೆ, ಅಲ್ವಾ? ಎಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಸೇನಾ ಕೂಟಗಳಿಂದ ದೂರ ಇದ್ದ ಫಿನ್‌ಲ್ಯಾಂಡ್ 2023ರಲ್ಲಿ ನ್ಯಾಟೊ ಸೇರಿತು. ಅದನ್ನು ಸೇರಿಸಿದ್ದು ಬೈಡನ್ ಅಲ್ಲ, ಪುಟಿನ್.

ಇನ್ನೊಂದು. ಉಕ್ರೇನ್ ಬೇರೆ ದೇಶವೇ ಅಲ್ಲ ಅನ್ನೋ ಹಾಗೆ ಪುಟಿನ್ 2021ರ ಜುಲೈನಲ್ಲಿ ಉದ್ದ ಲೇಖನವನ್ನೇ ಬರೆದಿದ್ದಾರೆ. ಯುದ್ಧಕ್ಕೆ ಮೂರು ದಿನ ಮುಂಚೆ ಟಿವಿಯಲ್ಲಿ ಕೂತು, ಉಕ್ರೇನನ್ನು ಹುಟ್ಟುಹಾಕಿದ್ದು ಲೆನಿನ್ ಅಂತ ಬೈದರು. ಇದು ನ್ಯಾಟೊಗೆ ಹೆದರಿದವರ ಮಾತಾ, ಪಕ್ಕದ ಹೊಲ ನಂದು ಅನ್ನುವವರ ಮಾತಾ?

ತುಂಗಾತೀರ

ಮೂರನೇ ಬೆಂಚು, ಹಾವು-ಹಗ್ಗದ ಮಾತು ಒಪ್ಪಿದೆ. ಬಾಲ್ಟಿಕ್‌ನವರ ಭಯ ಸುಳ್ಳಲ್ಲ. ಪುಟಿನ್ ಲೇಖನ ನಾನೂ ಓದಿದೆ. 1991ರ ಡಿಸೆಂಬರ್ 1ರಂದು ಉಕ್ರೇನಿನಲ್ಲಿ ಜನಮತ ಆದಾಗ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನ ಸ್ವಾತಂತ್ರ್ಯ ಬೇಕು ಅಂದರು. ರಷ್ಯಾ ಪಕ್ಕದ ದೊನೆತ್ಸ್ಕ್‌ನಲ್ಲೂ ನೂರಕ್ಕೆ ಎಂಬತ್ತು ದಾಟಿತು. ಕ್ರೈಮಿಯಾದಲ್ಲೂ ಅರ್ಧಕ್ಕಿಂತ ಸ್ವಲ್ಪ ಮೇಲೆ. ಹಾಗಿರುವಾಗ ಲೆನಿನ್ ಕಥೆಗೆ ಬೆಲೆ ಇಲ್ಲ.

ಆದರೆ ರಷ್ಯಾ ಹೀಗೆ ತಿರುಗಿ ಬೀಳುತ್ತೆ ಅನ್ನೋದು ವಾಷಿಂಗ್ಟನ್‌ಗೆ ಗೊತ್ತಿತ್ತು. ಗೊತ್ತಿದ್ದೂ ಅರ್ಧ ಕೆಲಸ ಮಾಡಿದರು ಅನ್ನೋದೇ ನನ್ನ ದೂರು. 1990ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಗೊರ್ಬಚೆವ್ ಎದುರು ಕೂತು, ನ್ಯಾಟೊ ಪೂರ್ವಕ್ಕೆ ಒಂದಿಂಚೂ ಬರಲ್ಲ ಅನ್ನೋ ಧಾಟಿಯಲ್ಲಿ ಮಾತಾಡಿದ ದಾಖಲೆ ಇದೆ. ಅದು ಕಾಗದಕ್ಕೆ ಬರಲಿಲ್ಲ, ಮಾತು ಜರ್ಮನಿ ಬಗ್ಗೆ ಇತ್ತು ಅಂತ ನೀವು ಹೇಳುತ್ತೀರಿ. ಅದೂ ಸರಿ. ಬಾಯಿಮಾತಿನ ವ್ಯವಹಾರಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ. ಮನಸ್ಸಲ್ಲಿ ಮಾತ್ರ ಉಳಿದುಬಿಡುತ್ತೆ.

ಜಾರ್ಜ್ ಕೆನನ್ ಅಂತ ಇದ್ದರು. ಸೋವಿಯತ್ತನ್ನು ಕಟ್ಟಿಹಾಕುವ ನೀತಿ ರೂಪಿಸಿದ ಮನುಷ್ಯ, ರಷ್ಯಾದ ಭಂಟ ಅನ್ನೋ ಹಾಗಿಲ್ಲ. ತೊಂಬತ್ತು ದಾಟಿದ ಮೇಲೆ 1997ರಲ್ಲಿ, ನ್ಯಾಟೊ ವಿಸ್ತರಣೆ ಶೀತಲ ಸಮರದ ನಂತರದ ಅಮೆರಿಕದ ಅತಿ ದೊಡ್ಡ ತಪ್ಪಾಗುತ್ತೆ ಅಂತ ಬರೆದರು. 2008ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ವಿಲಿಯಂ ಬರ್ನ್ಸ್ ವಾಷಿಂಗ್ಟನ್‌ಗೆ ವರದಿ ಕಳಿಸಿದರು. ತಲೆಬರಹವೇ 'ನ್ಯೆತ್ ಅಂದರೆ ನ್ಯೆತ್'. ಅಂದರೆ ಇಲ್ಲ ಅಂದರೆ ಇಲ್ಲ. ಇದೇ ಬರ್ನ್ಸ್ ಮುಂದೆ ಸಿಐಎ ಮುಖ್ಯಸ್ಥರಾದರು. ಎರಡೇ ತಿಂಗಳಿಗೆ ಬುಕಾರೆಸ್ಟ್ ಸಭೆ.

ಎರಡರಲ್ಲಿ ಒಂದು ಮಾಡಬೇಕಿತ್ತು. ಸೇರಿಸಿಕೊಳ್ಳುವುದಾದರೆ ಪೂರ್ತಿ ಸೇರಿಸಿಕೊಂಡು ಕಾಯಬೇಕಿತ್ತು. ಆಗದಿದ್ದರೆ ಆಗಲ್ಲ ಅಂತ ಮುಖಕ್ಕೆ ಹೇಳಿ ಬೇರೆ ದಾರಿ ಹುಡುಕಲು ಬಿಡಬೇಕಿತ್ತು.

ಬರ್ಲಿನ್ ಬಿಸಿಬೇಳೆ

ಜರ್ಮನಿಯಲ್ಲಿ ಹನ್ನೊಂದು ವರ್ಷ ಆಯಿತು. ಯುದ್ಧಕ್ಕೆ ಮುಂಚೆ ಇಲ್ಲಿ ತರಿಸುವ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದೇ. ಪೋಲೆಂಡ್, ಉಕ್ರೇನ್ ಎರಡೂ ಬೇಡ ಬೇಡ ಅಂದರೂ ಸಮುದ್ರದ ಕೆಳಗೆ ನಾರ್ಡ್ ಸ್ಟ್ರೀಮ್ ಅನ್ನೋ ಗ್ಯಾಸ್ ಪೈಪಿನ ಎರಡನೇ ಲೈನ್ ಕಟ್ಟಲು ರಷ್ಯಾಕ್ಕೆ ಬಿಟ್ಟದ್ದು ಇದೇ ಜರ್ಮನಿ. ಅದೂ ಕ್ರೈಮಿಯಾ ಹೋದ ಮೇಲೆ. ಪಶ್ಚಿಮ ಅಂತ ನೀವು ಒಂದೇ ಹೆಸರಿನಲ್ಲಿ ಬೈಯುತ್ತೀರಿ. ಒಳಗೆ ಬಂದು ನೋಡಿದರೆ ಒಬ್ಬೊಬ್ಬರದು ಒಂದೊಂದು ವ್ಯಾಪಾರ.

2022ರ ಚಳಿಗಾಲ ಮರೆಯಲ್ಲ. ಸರ್ಕಾರಿ ಕಚೇರಿಗಳಲ್ಲಿ 19 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡುವಂತಿಲ್ಲ ಅಂತ ನಿಯಮ ಬಂತು. ಗ್ಯಾಸ್ ಬಿಲ್ ನೋಡಿ ನನ್ನ ಹೆಂಡತಿ ಹೀಟರ್ ಆರಿಸಿ, ಊರಿಂದ ತಂದ ಕಂಬಳಿ ತೆಗೆದಳು. ಪೊರೊಶೆಂಕೊ ಹೇಳಿದ ಕಂಬಳಿ ಮಾತು ಓದಿ ಅದು ನೆನಪಾಯಿತು.

ನಾರ್ಡ್ ಸ್ಟ್ರೀಮ್ ಪೈಪ್‌ಗಳು ಒಡೆದದ್ದು 2022ರ ಸೆಪ್ಟೆಂಬರ್ 26ರಂದು. ಆಗ ಟಿವಿಯಲ್ಲಿ ಬಂದವರಲ್ಲಿ ಹೆಚ್ಚಿನವರು ಬೆರಳು ತೋರಿಸಿದ್ದು ರಷ್ಯಾ ಕಡೆಗೆ. ತನ್ನದೇ ಪೈಪನ್ನು ಅವನೇಕೆ ಒಡೆದುಕೊಳ್ಳುತ್ತಾನೆ ಅಂತ ನಮ್ಮ ಆಫೀಸಿನಲ್ಲಿ ಕೇಳಿದ್ದಕ್ಕೆ ಒಬ್ಬ ನನ್ನ ಜೊತೆ ಒಂದು ವಾರ ಮಾತು ಬಿಟ್ಟ. ಈಗ ಜರ್ಮನಿಯ ಸರ್ಕಾರಿ ವಕೀಲರೇ ಉಕ್ರೇನಿನವರ ಮೇಲೆ ಕೇಸು ನಡೆಸುತ್ತಿದ್ದಾರೆ. 2025ರ ಆಗಸ್ಟಿನಲ್ಲಿ ಇಟಲಿಯಲ್ಲಿ ಒಬ್ಬನನ್ನು ಹಿಡಿದರು. ತೀರ್ಪು ಏನೇ ಬರಲಿ, ಮಾತು ಬಿಟ್ಟವನು ಮಾತ್ರ ಆ ವಿಷಯ ಎತ್ತೋದಿಲ್ಲ.

ಎರೆಮಣ್ಣು

ನಾವು ಗದಗ ಕಡೆಯವರು ರೀ. ಉಕ್ರೇನದಾಗೂ ನಮ್ಮಂಗ ಎರೆ ಭೂಮಿ ಐತಂತ, ಸೂರ್ಯಕಾಂತಿ ಬೆಳೀತಾರಂತ ಕೇಳಿ ಖುಷಿ ಆಗಿತ್ತು. ಇನ್ನು ಮುಂದಿಂದು ಪುಸ್ತಕದ ಭಾಷೆಯಲ್ಲೇ ಬರೆಯುತ್ತೇನೆ, ಬೆಂಗಳೂರಿನವರಿಗೂ ತಿಳಿಯಲಿ.

2022ರಲ್ಲಿ ಸೊಸೈಟಿಗೆ ಪೊಟ್ಯಾಷ್ ಗೊಬ್ಬರ ತರಲು ಹೋದೆ. ಹಿಂದಿನ ವರ್ಷ ಸಾವಿರದ ಆಸುಪಾಸು ಇದ್ದ ಚೀಲ 1700. ಕೇಳಿದರೆ "ಯುದ್ಧ ಅಣ್ಣಾ" ಅಂದ. ಯುದ್ಧ ಶುರುವಾಗಿದ್ದು ಫೆಬ್ರವರಿ ಕೊನೆಗೆ. ಪೊಟ್ಯಾಷ್ ಅಭಾವ ಅದಕ್ಕೂ ಮೊದಲಿಂದ ಇತ್ತು. ಮಗ ಹುಡುಕಿ ಹೇಳಿದ. ಬೆಲಾರುಸ್ ಅನ್ನೋ ದೇಶ ಪ್ರಪಂಚಕ್ಕೆ ಬಹಳ ಪೊಟ್ಯಾಷ್ ಕೊಡುತ್ತದಂತೆ. ಅಲ್ಲಿನ ಸರ್ಕಾರದ ಮೇಲಿನ ಸಿಟ್ಟಿಗೆ ಅಮೆರಿಕ, ಯುರೋಪ್ ನಿರ್ಬಂಧ ಹಾಕಿದವು. ಲಿಥುವೇನಿಯಾದ ಬಂದರಿನಿಂದ ಹೋಗುತ್ತಿದ್ದ ಮಾಲು 2022ರ ಫೆಬ್ರವರಿ 1ರಿಂದಲೇ ಬಂದ್. ಬೆಲಾರುಸ್‌ನ ಅಧ್ಯಕ್ಷ ಇವತ್ತಿಗೂ ಕುರ್ಚಿಯಲ್ಲೇ ಇದ್ದಾನೆ. ನಾನು ಆ ವರ್ಷ ಗೊಬ್ಬರ ಅರ್ಧಕ್ಕೆ ಇಳಿಸಿದೆ. ನಾನು ಯಾರಿಗೂ ಏನೂ ಮಾಡಿರಲಿಲ್ಲ.

ಇನ್ನೊಂದು ಮಾತು. ಅಮೆರಿಕದವರು ಉಕ್ರೇನಿಗೆ ಶಸ್ತ್ರ ಕೊಟ್ಟ ರೀತಿ ಓದಿದರೆ ನಮ್ಮ ಹನಿ ನೀರಾವರಿ ನೆನಪಾಗುತ್ತದೆ. 2022ರಲ್ಲಿ ರಾಕೆಟ್ಟು. 2023ರಲ್ಲಿ ಟ್ಯಾಂಕು. 2024ರ ಆಗಸ್ಟಿಗೆ ಎಫ್-16 ಯುದ್ಧವಿಮಾನ, ಅದೂ ಯುರೋಪಿನವರ ಕೈಯಿಂದ. ದೂರದ ಕ್ಷಿಪಣಿಯನ್ನು ರಷ್ಯಾದೊಳಗೆ ಹೊಡೆಯಲು ಒಪ್ಪಿಗೆ ಸಿಕ್ಕಿದ್ದು 2024ರ ನವೆಂಬರಿಗೆ. ಗಿಡ ಸಾಯಬಾರದು, ಫಲವೂ ಬರಬಾರದು. ಹನಿ ನೀರಾವರಿಯಲ್ಲಿ ಫಲವಾದರೂ ಬರುತ್ತದೆ ರೀ.

ಮೈಸೂರು ಮಿರ್ಚಿ

ಇದನ್ನು ಯಾರಾದರೂ ಇಂಗ್ಲಿಷಿಗೆ ಮಾಡಿ ವಾಷಿಂಗ್ಟನ್‌ಗೆ ಕಳಿಸಿ.

ಖಾರ್ಕಿವ್ ರಿಟರ್ನ್

ಇಷ್ಟು ಹೊತ್ತು ಓದುತ್ತಾ ಇದ್ದೆ. ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದೆ.

ನಾನು ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೆ. ಸಾಲ್ತಿವ್ಕಾ ಅನ್ನೋ ಬಡಾವಣೆಯಲ್ಲಿ ಮೂವರು ಸೇರಿ ಮನೆ ಬಾಡಿಗೆಗೆ ಹಿಡಿದಿದ್ದೆವು. ಮನೆ ಒಡತಿ ಅಜ್ಜಿ ಕೆಳಗಿನ ಮಹಡಿಯಲ್ಲಿ. ರಷ್ಯನ್ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ನಾವು ಕಲಿತದ್ದೂ ರಷ್ಯನ್ನೇ. ಅಂಗಡಿ, ಬಸ್ಸು, ಆಸ್ಪತ್ರೆ ಎಲ್ಲ ಕಡೆ ರಷ್ಯನ್. ಅಲ್ಲಿ ರಷ್ಯನ್ ಮಾತಾಡುವವರಿಗೆ ಹಿಂಸೆ ಇದೆ, ಅವರನ್ನು ಕಾಪಾಡೋಕೆ ಬಂದೆವು ಅಂತ ಮಾಸ್ಕೋ ಹೇಳಿತಲ್ಲ. ಆ ಕಾಪಾಡುವ ಶೆಲ್ ಮೊದಲ ವಾರ ಬಿದ್ದದ್ದು ಈ ಅಜ್ಜಿಯಂಥವರ ಮನೆಗಳ ಮೇಲೆಯೇ.

24ರ ಬೆಳಗಿನ ಜಾವ ಸದ್ದಿಗೆ ಎದ್ದೆವು. ಪಟಾಕಿ ಅಂದುಕೊಂಡೆವು. ಅಜ್ಜಿ ಮೇಲೆ ಬಂದು ಬಾಗಿಲು ಬಡಿದು, ನಲ್ಲಿ ನೀರು ನಿಲ್ಲೋದಕ್ಕೆ ಮುಂಚೆ ಬಕೆಟ್ ತುಂಬಿಸಿಕೊಳ್ಳಿ ಅಂದರು. ಆಮೇಲೆ ಮೆಟ್ರೊ ಸ್ಟೇಷನ್ನಿನಲ್ಲಿ ಆರು ರಾತ್ರಿ. ನಿಂತ ರೈಲಿನ ಬೋಗಿಯೊಳಗೆ ಸೀಟಿಗೊಬ್ಬರಂತೆ ಮಲಗುತ್ತಿದ್ದೆವು. ಅಜ್ಜಿಯ ತಂಗಿ ಗಡಿಯಾಚೆ ಬೆಲ್ಗೊರೊದ್‌ನಲ್ಲಿ ಇದ್ದರು. ಎಂಬತ್ತು ಕಿಲೋಮೀಟರ್ ಇರಬಹುದು. ಅಜ್ಜಿ ಫೋನ್ ಮಾಡಿ "ನಮ್ಮ ಮೇಲೆ ಬಾಂಬ್ ಹಾಕುತ್ತಿದ್ದಾರೆ" ಅಂದರೆ ತಂಗಿ "ಅದು ನಿಮ್ಮವರೇ ಹಾಕಿಕೊಳ್ಳುತ್ತಿರೋದು, ಟಿವಿಯಲ್ಲಿ ತೋರಿಸಿದರು" ಅಂದರಂತೆ. ಅಜ್ಜಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದರು.

ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ಹುಡುಗ ತಿಂಡಿ ಸಾಮಾನಿಗೆ ಕ್ಯೂನಲ್ಲಿ ನಿಂತಿದ್ದಾಗ ದಾಳಿಯಲ್ಲಿ ತೀರಿಹೋದ. ಮಾರನೇ ದಿನ, ಸಂಜೆ ಆರರೊಳಗೆ ಖಾರ್ಕಿವ್ ಬಿಡಿ, ನಡೆದಾದರೂ ಹೊರಡಿ ಅಂತ ನಮ್ಮ ರಾಯಭಾರ ಕಚೇರಿಯಿಂದ ಸೂಚನೆ ಬಂತು. ಸ್ಟೇಷನ್ನಿನಲ್ಲಿ ರೈಲು ಹತ್ತೋಕೆ ನಮ್ಮನ್ನು ಬಿಡಲಿಲ್ಲ. ಅವರ ಹೆಂಗಸರು, ಮಕ್ಕಳು ಮೊದಲು ಅಂದರು. ತಳ್ಳಿದರು ಕೂಡ. ಅದನ್ನೂ ಮುಚ್ಚಿಡಲ್ಲ. ಹಿಮದಲ್ಲಿ ಪಿಸೋಚಿನ್ ಅನ್ನೋ ಊರಿಗೆ ಹತ್ತು-ಹನ್ನೊಂದು ಕಿಲೋಮೀಟರ್ ನಡೆದೆವು. ಬ್ಯಾಗಿನಲ್ಲಿ ಅರ್ಧ ಪ್ಯಾಕೆಟ್ ಬಿಸ್ಕತ್ತು ಮತ್ತು ಅನಾಟಮಿ ನೋಟ್ಸ್. ನೋಟ್ಸ್ ಯಾಕೆ ತಂದೆ ಅಂತ ಇವತ್ತಿಗೂ ಗೊತ್ತಿಲ್ಲ.

ತುಂಗಾತೀರ ಅಂಕಲ್, ನೀವು ಹೇಳೋ ಪಶ್ಚಿಮದ ಮೋಸ ನಿಜ. ಅದನ್ನು ಅಲ್ಲಿನವರೇ ನಮಗಿಂತ ಜಾಸ್ತಿ ಹೇಳುತ್ತಾರೆ. ಆದರೆ ಈ ಚರ್ಚೆಯಲ್ಲಿ ಎಲ್ಲರೂ ವಾಷಿಂಗ್ಟನ್, ಮಾಸ್ಕೋ, ಬರ್ಲಿನ್ ಏನಂದವು ಅಂತ ಹೇಳಿದಿರಿ. ಉಕ್ರೇನಿನವರು ಏನು ಕೇಳಿದರು ಅಂತ ಒಬ್ಬರೂ ಬರೆಯಲಿಲ್ಲ.

ಹಳೇ ಬೈಂಡು

ಮಗಳೇ, ಓದಿದೆ. ಟ್ಯಾಂಕಿನ ಮಾತು ಬರೆಯುವಾಗ ಖಾರ್ಕಿವ್ ಅಂದರೆ ನನಗೆ ಒಂದು ಕಾರ್ಖಾನೆ ಅಷ್ಟೇ ಆಗಿತ್ತು. ರಷ್ಯಾ ಮೇಲಿನ ನನ್ನ ಪ್ರೀತಿ ಇದರಿಂದ ಹೋಗಲ್ಲ, ಸುಳ್ಳು ಹೇಳಲಾರೆ. ಆದರೆ ಕೆಲಸ ಕೊಡಿಸುತ್ತೇವೆ ಅಂತ ಹೇಳಿ ನಮ್ಮ ಕಲಬುರಗಿ ಕಡೆ ಹುಡುಗರನ್ನು ಕರೆದುಕೊಂಡು ಹೋಗಿ ಯುದ್ಧಕ್ಕೆ ನಿಲ್ಲಿಸಿದರಲ್ಲ, ಅದನ್ನು ಪೇಪರಿನಲ್ಲಿ ಓದಿದಾಗಲೇ ಮನಸ್ಸು ಸ್ವಲ್ಪ ಮುರಿದಿತ್ತು. 2024ರಲ್ಲಿ ಅವರು ವಾಪಸ್ ಬಂದರು, ಪುಣ್ಯ.

ಮೂರನೇ ಬೆಂಚು

ಖಾರ್ಕಿವ್ ರಿಟರ್ನ್, ಬರೆದದ್ದಕ್ಕೆ ಥ್ಯಾಂಕ್ಸ್.

ಒಂದು ವಿಷಯ ಮಾತ್ರ ಬಗೆಹರಿಯಲಿ. 2022ರ ಏಪ್ರಿಲಿನಲ್ಲಿ ಶಾಂತಿ ಒಪ್ಪಂದ ಆಗೇ ಹೋಗುತ್ತಿತ್ತು, ಬ್ರಿಟನ್ನಿನ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಕೀವ್‌ಗೆ ಹೋಗಿ ಕೆಡಿಸಿದರು ಅಂತ ವಾಟ್ಸಾಪಿನಲ್ಲಿ ವಾರಕ್ಕೊಮ್ಮೆ ಬರುತ್ತೆ. ತುಂಗಾತೀರ ಅವರು ಇದನ್ನೂ ತರುತ್ತಾರೆ ಅಂತ ಕಾಯುತ್ತಿದ್ದೆ.

ತುಂಗಾತೀರ

ತರುತ್ತೇನೆ, ಆದರೆ ನೀವು ಅಂದುಕೊಂಡ ಹಾಗಲ್ಲ. ಜಾನ್ಸನ್ ಹೋಗಿದ್ದು ನಿಜ, ಏಪ್ರಿಲ್ 9ರಂದು. ಏನೂ ಸಹಿ ಹಾಕಬೇಡಿ, ಯುದ್ಧ ಮಾಡೋಣ ಅಂದರು ಅಂತ ಉಕ್ರೇನ್ ಕಡೆ ಮಾತುಕತೆಗೆ ಮುಂದಾಳಾಗಿದ್ದ ಅರಖಾಮಿಯಾ 2023ರಲ್ಲಿ ಹೇಳಿದರು. ಆದರೆ ಅದೇ ಸಂದರ್ಶನದಲ್ಲಿ, ರಷ್ಯಾ ಮಾತು ಉಳಿಸಿಕೊಳ್ಳುತ್ತೆ ಅನ್ನೋ ನಂಬಿಕೆ ನಮಗಿರಲಿಲ್ಲ ಅಂತಲೂ ಹೇಳಿದ್ದಾರೆ. ವಾಟ್ಸಾಪಿನಲ್ಲಿ ಈ ಅರ್ಧ ಕತ್ತರಿಸಿರುತ್ತಾರೆ. ಅದೇ ಹೊತ್ತಿಗೆ, ರಷ್ಯಾ ಸೇನೆ ಬಿಟ್ಟುಹೋದ ಕೀವ್ ಪಕ್ಕದ ಬುಚಾದ ಬೀದಿಗಳಲ್ಲಿ ಹೆಣಗಳು ಸಿಕ್ಕಿದ್ದವು.

ಇಸ್ತಾಂಬುಲ್‌ನಲ್ಲಿ ನಡೆದ ಆ ಶಾಂತಿ ಮಾತುಕತೆ ಸಿಕ್ಕಿಹಾಕಿಕೊಂಡದ್ದು ಎಲ್ಲಿ ಗೊತ್ತಾ? ನನ್ನ ಮೊದಲ ಪದದಲ್ಲೇ. ಉಕ್ರೇನ್ ನ್ಯಾಟೊ ಆಸೆ ಬಿಡೋಕೆ ತಯಾರಿತ್ತು. ಬದಲಿಗೆ ಕೇಳಿದ್ದು ಜಾಮೀನು. ಮತ್ತೆ ದಾಳಿ ಆದರೆ ದೊಡ್ಡ ದೇಶಗಳು ಬಂದು ಕಾಯಬೇಕು ಅಂತ ಕಾಗದದಲ್ಲಿ ಬರೆದುಕೊಡಿ. ರಷ್ಯಾ ಹೇಳಿತು, ಜಾಮೀನು ಹಾಕುವವರಲ್ಲಿ ನಾನೂ ಒಬ್ಬ, ನಾನೂ ಒಪ್ಪಿದರೆ ಮಾತ್ರ ಬರಬೇಕು. ಕಳ್ಳನ ಸಹಿ ಇಲ್ಲದೆ ಪೊಲೀಸರು ಬರುವಂತಿಲ್ಲ ಅಂದಂತೆ. ಇತ್ತ ಅಮೆರಿಕಕ್ಕೂ ಅಂಥ ಕಾಗದಕ್ಕೆ ಸಹಿ ಹಾಕುವ ಉತ್ಸಾಹ ಇರಲಿಲ್ಲ. ಹಾಕಿದರೆ ನಾಳೆ ತಾನೇ ಯುದ್ಧಕ್ಕೆ ಇಳಿಯಬೇಕಲ್ಲ. ಖಾರ್ಕಿವ್ ಮಗಳು ಕೇಳಿದ ಪ್ರಶ್ನೆಗೂ ಇದೇ ಉತ್ತರ ಅನಿಸುತ್ತೆ. ಉಕ್ರೇನಿನವರು ಕೇಳಿದ್ದು 1994ರಲ್ಲೂ ಜಾಮೀನು, 2022ರಲ್ಲೂ ಜಾಮೀನು. 2025ರ ಫೆಬ್ರವರಿ 28ರಂದು ಟ್ರಂಪ್ ಎದುರು ಕೂತಾಗ ಝೆಲೆನ್‌ಸ್ಕಿ ಕೇಳಿದ್ದೂ ಅದನ್ನೇ. ಅವತ್ತು ಟಿವಿ ಮುಂದೆಯೇ ಬೈಸಿಕೊಂಡು ಹೊರಗೆ ಬಂದರು. ಏಪ್ರಿಲ್ ಕೊನೆಗೆ ಅವರಿಂದ ಖನಿಜದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಜಾಮೀನು ಮಾತ್ರ ಅದರಲ್ಲೂ ಇರಲಿಲ್ಲ.

ಬರ್ಲಿನ್ ಬಿಸಿಬೇಳೆ

ನಾನು ಇಲ್ಲಿ ಕೂತು ತಲೆ ಕೆಡಿಸಿಕೊಳ್ಳೋದು ಇನ್ನೊಂದಕ್ಕೆ. 2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ ಪುಟಿನ್ ಮೇಲೆ ವಾರಂಟ್ ಹೊರಡಿಸಿದಾಗ ವಾಷಿಂಗ್ಟನ್‌ನಲ್ಲಿ ಸರಿಯಾಗಿದೆ ಅಂದರು. 2024ರ ನವೆಂಬರಿನಲ್ಲಿ ಅದೇ ಕೋರ್ಟ್ ಇಸ್ರೇಲಿನ ನೆತನ್ಯಾಹು ಮೇಲೆ ವಾರಂಟ್ ಹೊರಡಿಸಿತು. 2025ರ ಫೆಬ್ರವರಿಗೆ ಅಮೆರಿಕ ಆ ಕೋರ್ಟಿನ ಮೇಲೆಯೇ ನಿರ್ಬಂಧ ಹಾಕಿತು. ಇದನ್ನು ನೋಡಿದ ಮೇಲೂ ಆಫ್ರಿಕಾದವರು, ನಮ್ಮವರು ನಿಯಮದ ಪಾಠ ಕೇಳಬೇಕು ಅಂದರೆ ಹೇಗೆ? 2003ರಲ್ಲಿ ಇರಾಕಿನ ಹತ್ತಿರ ರೋಗಾಣು ಅಸ್ತ್ರ ಇದೆ ಅಂತ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪವೆಲ್ ಸಣ್ಣ ಸೀಸೆ ಹಿಡಿದು ತೋರಿಸಿದ್ದು, ಆಮೇಲೆ ಅಲ್ಲಿ ಅಂಥದ್ದೇನೂ ಸಿಗದೇ ಇದ್ದದ್ದು ಎಲ್ಲರಿಗೂ ನೆನಪಿದೆ.

ನಮ್ಮ ಎಣ್ಣೆ ವಿಷಯವೂ ಹಾಗೆಯೇ. ಭಾರತ ರಷ್ಯಾದ ಎಣ್ಣೆ ಕೊಂಡರೆ ಯುದ್ಧಕ್ಕೆ ದುಡ್ಡು ಕೊಟ್ಟಂತೆ ಅಂತ 2025ರ ಆಗಸ್ಟಿನಲ್ಲಿ ಟ್ರಂಪ್ ಇನ್ನೊಂದು 25 ಪರ್ಸೆಂಟ್ ಸುಂಕ ಜಡಿದರು, ಒಟ್ಟು 50. ಆ ಹೊತ್ತಿನಲ್ಲಿ ಯುರೋಪಿನ ಬಂದರುಗಳಿಗೆ ರಷ್ಯಾದ ದ್ರವ ಗ್ಯಾಸ್ ಹಡಗಿನಲ್ಲಿ ಬರುತ್ತಲೇ ಇತ್ತು.

ಮೂರನೇ ಬೆಂಚು

ಒಪ್ಪಿದೆ. ಆದರೆ ಅಗ್ಗದ ಎಣ್ಣೆ ಬಂದಾಗ ನಮ್ಮೂರ ಪೆಟ್ರೋಲ್ ಬಂಕಿನಲ್ಲಿ ರೇಟ್ ಎಷ್ಟು ಇಳಿಯಿತು ಅಂತಲೂ ಯಾರಾದರೂ ಹೇಳಿ. ಯುದ್ಧದ ಲಾಭ ಯಾರ ಜೇಬಿಗೆ ಹೋಯಿತು ಅನ್ನೋ ಪ್ರಶ್ನೆ ವಾಷಿಂಗ್ಟನ್‌ಗೆ ಮಾತ್ರ ಕೇಳೋದಲ್ಲ.

ಎರೆಮಣ್ಣು

ಅದು ಬೇರೆ ಥ್ರೆಡ್ ಆಗ್ತದ ರೀ, ಅಲ್ಲಿಗೆ ನಾನೂ ಬರ್ತೀನಿ.

ಖಾರ್ಕಿವ್ ತಂಗಿ, ಆ ಅಜ್ಜಿ ಈಗ ಎಲ್ಲಿದ್ದಾರೆ? ಹೇಳಬೇಕು ಅನಿಸಿದರೆ ಹೇಳವ್ವ.

ಖಾರ್ಕಿವ್ ರಿಟರ್ನ್

ಅಲ್ಲೇ ಇದ್ದಾರೆ ಅಣ್ಣ. ಎರಡು ತಿಂಗಳು ಊರು ಬಿಟ್ಟು ಪಶ್ಚಿಮದ ಕಡೆ ಲ್ವಿವ್‌ಗೆ ಹೋಗಿದ್ದರು. ಅಲ್ಲಿ ಇವರ ರಷ್ಯನ್ ಕೇಳಿ ಅಂಗಡಿಯಲ್ಲಿ ಯಾರೋ ಮುಖ ಸಿಂಡರಿಸಿದರಂತೆ. ವಾಪಸ್ ಬಂದುಬಿಟ್ಟರು. ಈಗ ಮೊಮ್ಮಗನ ಜೊತೆ ಉಕ್ರೇನಿಯನ್ ಮಾತಾಡೋಕೆ ನೋಡುತ್ತಾರೆ. ಅರ್ಧಕ್ಕೆ ರಷ್ಯನ್ ಬಂದುಬಿಡುತ್ತೆ ಅಂತ ನಗುತ್ತಾರೆ. ತಂಗಿಯ ಜೊತೆ ಮಾತಿಲ್ಲ.

ಈ ಥ್ರೆಡ್ ಬಗ್ಗೆ ಹೇಳಿದೆ. ಇಂಡಿಯಾದಲ್ಲಿ ಯಾರೋ ಬುಡಾಪೆಸ್ಟ್ ಕಾಗದದ ಬಗ್ಗೆ ಬರೆದಿದ್ದಾರೆ ಅಂದರೆ ಅವರಿಗೆ ಆಶ್ಚರ್ಯ. ಅಮೆರಿಕದವರು ಇನ್ನೂ ಸಹಾಯ ಮಾಡುತ್ತಾರೆ ಅನಿಸುತ್ತಾ ಅಂತ ಕೇಳಿದೆ. ಅದಕ್ಕೆ ಉತ್ತರ ಕೊಡಲಿಲ್ಲ, ಕಿಟಕಿ ತೋರಿಸಿದರು. ವಿಡಿಯೊ ಕಾಲ್‌ನಲ್ಲಿ ನಾವಿದ್ದ ರೂಮು ಕಂಡಿತು. ಗಾಜು ಮೂರು ಸಲ ಹಾಕಿಸಿದ್ದರಂತೆ, ಮೂರು ಸಲವೂ ಹೋಯಿತು. ಈಗ ಪ್ಲೈವುಡ್ ಹೊಡೆಸಿದ್ದಾರೆ. ಅದರ ಮಧ್ಯೆ ಅಂಗೈ ಅಗಲದ ಒಂದು ತೂತು ಕೊರೆಸಿ ಪ್ಲಾಸ್ಟಿಕ್ ಅಂಟಿಸಿದ್ದಾರೆ. ಹಾಲಿನವನು ಬಂದರೆ ಕಾಣಬೇಕಲ್ಲ ಅಂದರು.